ಕನ್ನಡಿ ತಿರುಗಿಸುತ್ತಿದ್ದ ಮಾವ

ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೆಳಗೆ ಪೊದೆಮೀಸೆ, ಎಡಭುಜದ ಮೇಲೆ ಗಿಳಿಹಸಿರು ಸೆರಗು. ತರೀಕೆರೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ನೆನಪಾಗುವುದು ಹೀಗೆಯೇ. ತೋರಿಸುವ ಸೀರೆಯನ್ನು ಅವರು ಮೊದಲು ತಾವೇ ಹೊದ್ದುಕೊಳ್ಳುತ್ತಿದ್ದರು. ಹೆಂಗಸರು ನಗುತ್ತಿದ್ದರು. ಆ ನಗು ಮುಗಿಯುವುದರೊಳಗೆ ಸೆರಗು ಆ ಹೆಂಗಸರಲ್ಲೊಬ್ಬಳ ಭುಜಕ್ಕೆ ದಾಟಿ, ನಿಲುವುಗನ್ನಡಿ ಅವಳತ್ತ ತಿರುಗಿರುತ್ತಿತ್ತು.

"ಮೈಮೇಲೆ ಬಿದ್ದ ಸೀರೆ ಆಗ್ಲೇ ಅವರ್ದು ಕಣಮ್ಮ. ವಾಪಸ್ ಇಸ್ಕೊಂಡ್ರೆ ತಮ್ದೇ ಕಿತ್ಕೊಂಡಂಗೆ ಆಗ್ತದೆ" ಎಂದು ನನಗೆ ಹೇಳುತ್ತಿದ್ದರು.

ಕಾಲೇಜಿನ ಚರ್ಚಾವೇದಿಕೆಗಳಲ್ಲಿ ಗ್ರಾಹಕರ ಹಕ್ಕುಗಳ ಪರವಾಗಿ ವಾದಿಸಿದ್ದ ನನಗೆ ಇದು ಮನಸ್ಸಿಗೆ ಒಡ್ಡಿದ ಬಲೆಯಂತೆ ಕಾಣುತ್ತಿತ್ತು. ಹಾಗೆಂದು ಅವರೆದುರೇ ಹೇಳುತ್ತಿದ್ದೆ.

"ಆಯ್ತು ಲಾಯರಮ್ಮ, ಮೊದ್ಲು ಕಾಫಿ ಕುಡಿ."

ಅಜ್ಜಂಪುರದಲ್ಲಿ ನಾವು ಕೆಲವು ಮಹಿಳೆಯರು ಸೇರಿ ಕೊಬ್ಬರಿ ಎಣ್ಣೆಯ ಗಾಣ ಆರಂಭಿಸಿದೆವು. ಎಣ್ಣೆ ಶುದ್ಧವಾಗಿತ್ತು, ಆದರೆ ಮಾರಾಟವಾಗುತ್ತಿರಲಿಲ್ಲ. ಗಾಣ ನಿಂತರೆ ನನ್ನ ಜೊತೆಗಾತಿಯರು ಮತ್ತೆ ಕಡೂರು ದಾಟಿ ಹೋಗುವ ಗಾರ್ಮೆಂಟ್ಸ್ ಬಸ್ಸು ಹತ್ತಬೇಕಿತ್ತು. ಅವರನ್ನು ಆ ಕೆಲಸ ಬಿಡಿಸಿ ಕರೆತಂದವಳು ನಾನೇ. ತಳಮಳದಲ್ಲಿ ಗಾಣದ ಅಂಗಡಿಯ ಗೋಡೆಯ ತುಂಬ ಎಣ್ಣೆಯ ಗುಣಗಳನ್ನು ಬರೆಸಿದೆ. ಕೊನೆಗೆ ಮಾವನನ್ನು ಕರೆಸಿದೆ.

ಬೆಳಗಿನಿಂದ ಮೂಲೆಯ ಕುರ್ಚಿಯಲ್ಲಿ ಕೂತು ನೋಡಿದವರು ಕೇಳಿದರು: "ಗೋಡೆ ಓದ್ತಾರೆ, ತಲೆ ಆಡಿಸ್ತಾರೆ, ಹೋಗ್ತಾರೆ. ಇದೇನು ಅಂಗಡಿಯೋ ಲೈಬ್ರರಿಯೋ?"

ಮುಂದಿನ ಗಿರಾಕಿ ಬಂದಾಗ ತಾವೇ ಎದ್ದು ಆಕೆಯ ಅಂಗೈಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಉಜ್ಜಿಕೊಳ್ಳಲು ಹೇಳಿದರು. ಆಕೆ ಕೈಯನ್ನು ಮೂಸಿದಳು, ಮತ್ತೊಮ್ಮೆ ಮೂಸಿದಳು, ಬಾಟಲಿ ಕೊಂಡಳು. ಅಂದಿನಿಂದ ನಮ್ಮ ಗಾಣ ಉಸಿರಾಡತೊಡಗಿತು.

ಹೊರಡುವ ಮುನ್ನ ಮಾವ ಇನ್ನೊಂದು ಉಪಾಯ ಹೇಳಿದರು. "ಶೆಲ್ಫಲ್ಲಿ ಮೂರೇ ಬಾಟ್ಲಿ ಇಡು, ಮಿಕ್ಕಿದ್ದು ಒಳಗಿರ್ಲಿ. ಮುಗ್ದೋಗ್ತದೆ ಅಂತ ಬೇಗ ತಗೋತಾರೆ."

"ಅದು ಸುಳ್ಳು, ಮಾವ."

"ನಾನೇನು ಬಾಯ್ಬಿಟ್ಟು ಹೇಳಿದ್ನಾ?"

"ಬಾಟ್ಲಿ ಕೈಲಿ ಹೇಳಿಸ್ತಿದ್ದೀರಲ್ಲ."

ಅವರು ಮೀಸೆ ಸವರಿಕೊಂಡರು. ಬಳಿಕ ಒಳಗೆ ಹೋಗಿ ಬಾಟಲಿಗಳನ್ನು ತಾವೇ ಹೊತ್ತು ತಂದು ಶೆಲ್ಫು ತುಂಬಿಸಿದರು. ವಾದದಲ್ಲಿ ಗೆದ್ದೆನೆಂದು ನಾನು ಹಿಗ್ಗಿದೆ.

ಕೆಲವು ವಾರಗಳ ನಂತರ ಅವರ ಅಂಗಡಿಯಲ್ಲಿದ್ದೆ. ನೇರಳೆ ಸೀರೆ ಹೊದ್ದು ಕನ್ನಡಿಯ ಮುಂದೆ ನಿಂತಿದ್ದ ಹೆಂಗಸೊಬ್ಬಳಿಗೆ ಜೊತೆಯಲ್ಲಿದ್ದವಳು ಪಿಸುಗುಟ್ಟಿದಳು: "ಲೇ, ಅದು ಮಗಳ ಫೀಸಿನ ದುಡ್ಡು ಕಣೇ." ಇವಳಿಗೆ ಕೇಳಿಸಿದಂತಿರಲಿಲ್ಲ. ಮಾವನಿಗೆ ಕೇಳಿಸಿತು. ಕನ್ನಡಿಯನ್ನು ಮೆಲ್ಲನೆ ಗೋಡೆಯತ್ತ ತಿರುಗಿಸಿ ಸೀರೆಯನ್ನು ಹಿಂದಕ್ಕೆ ತೆಗೆದುಕೊಂಡರು.

"ಈ ಬಣ್ಣ ನಿಂಗೆ ಒಪ್ಪಲ್ಲ ಬಿಡವ್ವ. ಹಬ್ಬಕ್ಕೆ ಬೇರೆ ಬತ್ತದೆ, ಆಗ ಬಾ."

ಆ ಬಣ್ಣ ಆಕೆಗೆ ಬಹಳ ಚೆನ್ನಾಗಿ ಒಪ್ಪಿತ್ತು. ಮೂರು ಬಾಟಲಿಗಳ ಸುಳ್ಳನ್ನು ಖಂಡಿಸಿದ್ದ ನಾನು ಈ ಸುಳ್ಳಿನ ಪರ ನಿಂತು ಮಾತಾಡಲೋ, ವಿರುದ್ಧವೋ? ಇಂದಿಗೂ ತೀರ್ಮಾನಿಸಲಾಗಿಲ್ಲ.

ಮಾವ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಅತ್ತೆ ಆ ನಿಲುವುಗನ್ನಡಿಯನ್ನು ನನಗೆ ಕಳುಹಿಸಿದರು. ಅದನ್ನು ಗಿರಾಕಿಗಳು ನಿಲ್ಲುವ ಜಾಗದ ಹಿಂದೆ, ನನ್ನತ್ತ ಮುಖ ಮಾಡಿ ನಿಲ್ಲಿಸಿದ್ದೇನೆ. ಯಾರದಾದರೂ ಅಂಗೈಗೆ ಎಣ್ಣೆ ಬಿಟ್ಟು ಮಾರಾಟದ ಮಾತು ಆರಂಭಿಸಿದಾಗಲೆಲ್ಲ ಅದರಲ್ಲಿ ನನ್ನ ಮುಖ ಕಾಣುತ್ತದೆ. ಕೆಲವು ದಿನ ಆ ಮುಖವನ್ನು ನೋಡಿ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತೇನೆ.