ಅಕ್ಕನ ತಲೆಯ ಮೇಲಿನ ಆಣೆ

ವಿಲೆ ಪಾರ್ಲೆಯ ಆ ಬಿಲ್ಡಿಂಗಿನಲ್ಲಿ ನೀರಿನ ಪಂಪು ಕೆಟ್ಟರೂ ಗಂಡ ಹೆಂಡಿರು ಜಗಳವಾಡಿದರೂ ವೆಂಕಟಸುಬ್ಬಯ್ಯನವರಿಗೇ ಹೇಳಿಕಳಿಸುತ್ತಿದ್ದರು. ಹೇಳಿಕಳಿಸದಿದ್ದರೂ ಅವರು ಹೋಗುತ್ತಿದ್ದರು. ವಿಮಾ ಕಚೇರಿಯಲ್ಲಿ ಹೆಡ್‌ಕ್ಲಾರ್ಕು; ಗದರಿದರೆ ಸರಿಹೋಗದ ವಸ್ತು ಜಗತ್ತಿನಲ್ಲಿಲ್ಲ ಎಂದು ನಂಬಿದ್ದರು. ಪಂಪು ಮಾತ್ರ ಎರಡು ಸಲ ಅವರ ಮಾತು ಕೇಳಿರಲಿಲ್ಲ.

ಹೆಂಡತಿಯ ತಮ್ಮ ಶಾಮಣ್ಣನೂ ಕೇಳಲಿಲ್ಲ. ತಾಯಿಯಿಲ್ಲದ ಅವನನ್ನು ಅಕ್ಕ ಸುಮಿತ್ರಾಳೇ ಸಾಕಿದ್ದಳು. ದಾದರಿನಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ. ಬೆಳಿಗ್ಗೆ ಒಂದು ಗುಟುಕು ಸಾರಾಯಿ ಬೀಳದೆ ಕೈ ಪೆನ್ಸಿಲು ಹಿಡಿಯದಂತಾದಾಗ, ಎಂಬತ್ತೆಂಟನೆಯ ಇಸವಿಯಲ್ಲಿ, ಆಸ್ಪತ್ರೆಗೆ ಸೇರಿಸಿದರು. ಮನೆಗೆ ಕಳಿಸುವಾಗ ಧಾರವಾಡ ಕಡೆಯ ಡಾಕ್ಟರ್ ವಿನೋದಿನಿ ಹೇಳಿದರು:

“ಇದು ಸೊಕ್ಕಲ್ರೀ. ಇವರ ಮಿದುಳು ಕುಡಿತಕ್ಕ ಒಗ್ಗಿ ಕೆಟ್ಟದ. ಲಿವರೂ ಸೋತದ. ಮತ್ತ ಒಮ್ಮೆ ಜಾರಬಹುದು. ಜಾರಿದ್ರ ಬೈಬ್ಯಾಡ್ರಿ, ಅವತ್ತೇ ಕರಕೊಂಡು ಬರ್ರಿ. ತಡಾ ಆದ್ರ ಉಳಿಯೂದು ಕಷ್ಟ.”

“ಮಿದುಳು ನಮಗೂ ಇದೆಯಲ್ಲಮ್ಮಾ,” ಎಂದರು ವೆಂಕಟಸುಬ್ಬಯ್ಯನವರು, ಆ ದಿನದ ಹದಿನೈದನೆಯ ಚಿಟಿಕೆ ನಶ್ಯವನ್ನು ಮೂಗಿಗೇರಿಸುತ್ತ. “ಬೇಕಾಗಿರೋದು ಮನಸ್ಸಿನ ಕಟ್ಟು.”

ಮನೆಗೆ ಬಂದವರೇ ದೇವರ ಮುಂದೆ ಕರ್ಪೂರ ಹಚ್ಚಿಸಿ, ಸುಮಿತ್ರಾಳನ್ನು ಮಣೆಯ ಮೇಲೆ ಕೂರಿಸಿದರು. ಸಾಕ್ಷಿಗೆ ಎದುರುಮನೆಯವರೂ ಬಂದರು.

“ಅಕ್ಕನ ತಲೆ ಮುಟ್ಟಿ ಆಣೆ ಮಾಡೋ. ಇನ್ನು ಕುಡಿದ್ರೆ ಇವಳನ್ನ ಕೊಂದ ಹಾಗೆ ಅಂತ ಹೇಳು.”

“ಬೇಡ ಭಾವ. ನನ್ನ ತಲೆ ಮೇಲೇ ಮಾಡ್ಕೋತೀನಿ.”

“ನಿನ್ನ ತಲೆಗೇನೋ ಬೆಲೆ? ಕೆಟ್ಟಿದೆ ಅಂತ ಡಾಕ್ಟರಮ್ಮನೇ ಅಂದ್ರಲ್ಲ!”

ಎದುರುಮನೆಯವರು ನಕ್ಕರು. ಶಾಮಣ್ಣ ಕೈಯನ್ನು ಅಕ್ಕನ ತಲೆಯ ಮೇಲಿಟ್ಟ.

ನಾಲ್ಕು ತಿಂಗಳು ಆಣೆ ನಿಂತಿತು. ವೆಂಕಟಸುಬ್ಬಯ್ಯನವರು ಲೋಕಲ್ ರೈಲಿನಲ್ಲಿ ಜೊತೆಗೆ ನಿಂತವರಿಗೆಲ್ಲ ವೈದ್ಯಶಾಸ್ತ್ರದ ಮಿತಿಗಳನ್ನು ವಿವರಿಸಿದರು. ಐದನೆಯ ತಿಂಗಳು ಶಾಮಣ್ಣ ಕೆಲಸಕ್ಕೆ ಹೋದವನು ಮನೆಗೆ ಬರಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ.

ಹದಿನೇಳನೆಯ ದಿನ ವಾಚ್‌ಮನ್ ಚಂದ್ರಾಮ ತಡೆಯಲಾರದೆ ಬಾಯಿಬಿಟ್ಟ. “ಸಾಹೇಬ್ರ, ಶಾಮಣ್ಣಾರು ದಿನಾ ಗೇಟಿಗೆ ಬರ್ತಿದ್ರು. ‘ಅಕ್ಕ ಹುಷಾರಾಗಿದ್ದಾಳಾ’ ಅಂತ ಕೇಳೂದು, ಹೋಗೂದು. ಒಳಗ ಬರ್ರಿ ಅಂದ್ರ, ಕುಡದೀನಿ, ಯಾವ ಮುಖಾ ಇಟ್ಕೊಂಡು ಬರ್ಲಿ ಅಂತಿದ್ರು. ಯಾರಿಗೂ ಹೇಳಬ್ಯಾಡ ಅಂತ ಕೈ ಮುಗದಿದ್ರು. ಮೂರು ದಿನಾ ಆತು, ಬಂದಿಲ್ರೀ. ಗ್ರಾಂಟ್ ರೋಡಿನ ಲಾಡ್ಜಿನ್ಯಾಗ ಅದೀನಿ ಅಂದಿದ್ರು.”

ಲಾಡ್ಜಿನಿಂದ ಎತ್ತಿಕೊಂಡೇ ಆಸ್ಪತ್ರೆಗೆ ತಂದರು. ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು. “ಜಾರಿದ ದಿನಾನ ತರಬೇಕಿತ್ತು,” ಎಂದರು ವಿನೋದಿನಿ.

ವೆಂಕಟಸುಬ್ಬಯ್ಯನವರು ಹಾಸಿಗೆಗೆ ಬಾಗಿ, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದರು: “ಆಣೆ ಮಾಡಿಸಿದ್ದು ನಾನು ಕಣೋ. ನಾನೇ ರದ್ದು ಮಾಡಿದೆ.”

“ಅದೇನು ಆಫೀಸಿನ ಆರ್ಡರಾ ಭಾವ?” ಎಂದ ಶಾಮಣ್ಣ, ಅಕ್ಕ ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತ. “ಇವಳನ್ನ ಜೋಪಾನವಾಗಿ ನೋಡ್ಕೊಳ್ಳಿ.”

ಮಾರನೆಯ ಮಧ್ಯಾಹ್ನ ಅವನು ಹೋದ.