ಮೋಟಾರ್ ಸೈಕಲ್ಲಿಗೆ ಹೊದಿಸಿದ ಕಂಬಳಿ

ಆ ಚಳಿಗಾಲದಲ್ಲಿ ನಾರಾಯಣಖೇಡದ ಸರ್ಕಾರಕ್ಕೆ ಥಂಡಿ ಹತ್ತಿತ್ತು. ಮನುಷ್ಯರಿಗೆ ಹತ್ತಿದ್ದರೆ ಕಷಾಯ ಕುಡಿಸಬಹುದಿತ್ತು. ಹತ್ತಿದ್ದು ನಾಯಬ್ ತಹಸೀಲ್ದಾರರ ಮೋಟಾರ್ ಸೈಕಲ್ಲಿಗೆ. ಅದು ಹೊರಡದೆ ಸಾಹೇಬರು ಹೊರಡುತ್ತಿರಲಿಲ್ಲ. ಸಾಹೇಬರು ಹೊರಡದೆ ತಾಲೂಕಿನ ಯಾವ ತಕರಾರೂ ತೀರುತ್ತಿರಲಿಲ್ಲ. ಹೀಗೆ ಒಂದು ಕಬ್ಬಿಣದ ಯಂತ್ರದ ಮೈ ಬೆಚ್ಚಗಾಗುವುದನ್ನೇ ಕಾಯುತ್ತ ಪ್ರಜೆಗಳು ಕಚೇರಿಯ ಅಂಗಳದಲ್ಲಿ ಮೈ ನಡುಗಿಸುತ್ತ ಕೂತಿರುತ್ತಿದ್ದರು.

ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿದ್ದೆ. ತಾಂಡೂರಿನಲ್ಲಿ ಅಪ್ಪನ ಹಾಸುಗಲ್ಲಿನ ವ್ಯಾಪಾರ ಬಾಯ್ತೆರೆದು ನನಗಾಗಿ ಕಾಯುತ್ತಿತ್ತು. ಅದರ ಬಾಯಿಗೆ ಬೀಳುವ ಮುನ್ನ ಕೆಲವು ದಿನ ಅಕ್ಕನ ಕೈಯ ಸಜ್ಜೆ ರೊಟ್ಟಿ ತಿಂದು ಬರೋಣವೆಂದು ನಾರಾಯಣಖೇಡಕ್ಕೆ ಹೋಗಿದ್ದೆ. ರೊಟ್ಟಿಯ ಜೊತೆಗೆ ಜಗಳವೂ ಸಿಕ್ಕಿತು.

ಅಕ್ಕನ ಮನೆಗೆ ಕಂಬಳಿ ತಂದುಕೊಡುತ್ತಿದ್ದ ಕುರುಬರ ಹೆಂಗಸೊಬ್ಬಳಿದ್ದಳು. ಕಲ್ಹೇರದ ಆಚೆಯ ಹಳ್ಳಿಯವಳು. ಅವಳ ಕುರಿಗಳು ಸರ್ಕಾರದ ಕಾಯ್ದಿಟ್ಟ ಹುಲ್ಲುಗಾವಲಿಗೆ ನುಗ್ಗಿದವೆಂದು ಊರ ಪಟೇಲ ಅಷ್ಟನ್ನೂ ಹಿಡಿಸಿ ಕೊಂಡವಾಡಕ್ಕೆ, ಅಂದರೆ ಮೇಲೆ ಸೂರಿಲ್ಲದ ಸರ್ಕಾರಿ ದೊಡ್ಡಿಗೆ, ತಳ್ಳಿದ್ದ. ಸಾಹೇಬರು ಖುದ್ದಾಗಿ ಜಾಗ ನೋಡದೆ ಬಿಡುಗಡೆಯಿಲ್ಲ. ಕುರಿಗಳು ಈಯುವ ಕಾಲ ಅದು. ಬಯಲಿನಲ್ಲಿ ಹುಟ್ಟಿದ ಮರಿಗಳು ಬೆಳಗಾಗುವುದರೊಳಗೆ ಸೆಟೆಯುತ್ತಿದ್ದವು. ಆಕೆ ಅಷ್ಟು ದೂರ ನಡೆದು ಬಂದು ಕಚೇರಿಯ ಮೆಟ್ಟಿಲ ಬಳಿ ಕೂರುತ್ತಿದ್ದಳು. ಚಪರಾಸಿ ಹೊರಬಂದು, "ಇವತ್ತೂ ಗಾಡಿಗಿ ಥಂಡಿ ಆಗ್ಯಾದ, ಹೋಗವ್ವಾ" ಎನ್ನುತ್ತಿದ್ದ.

ನಾನು ಸಾಹೇಬರ ಮುಂದೆ ಹೋಗಿ ನಿಂತೆ. ವಿಶ್ವವಿದ್ಯಾಲಯದಲ್ಲಿ ಕಲಿತ ಪ್ರಜೆಯ ಹಕ್ಕು, ಅಧಿಕಾರಿಯ ಹೊಣೆ ಮುಂತಾದ ಭಾರವಾದ ಮಾತುಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. ಅವರು ಪಾನಿನ ಡಬ್ಬಿಯನ್ನು ಸರಿಸಿ ಆ ಮಾತುಗಳಿಗೆ ಜಾಗ ಮಾಡಿಕೊಟ್ಟರು.

"ಅರೆ ಭಾಯಿ, ನಾ ಬರಲ್ಲ ಅಂದೀನೇನ್ರಿ? ಗಾಡಿ ಬರಲ್ಲ ಅಂತದ. ಅದರ ತಬಿಯತ್ ಸರಿ ಇಲ್ಲ."

"ಟಾಂಗಾ ಅದಲ್ರಿ ಸಾಹೇಬ್ರ?"

"ಟಾಂಗಾದಾಗ ಅಲ್ಲಾಡಕೋತ ಹೋದ್ರ ಸರ್ಕಾರದ ಇಜ್ಜತ್ ಏನಾಗಬೇಕು?"

"ಗಾಡಿ ಚಾಲೂ ಆದ್ರ ಬರ್ತೀರೇನ್ರಿ?"

ಗುಮಾಸ್ತರೆಲ್ಲ ಲೇಖನಿ ನಿಲ್ಲಿಸಿ ಕಿವಿಗೊಟ್ಟರು. ಸಾಹೇಬರು ನಕ್ಕರು. "ಬಿ.ಎ. ಮಾಡೀರಿ, ಗಾಡಿಗೂ ಒಂದು ಭಾಷಣ ಮಾಡ್ರಿ. ಅದು ಎದ್ದ ಘಳಿಗಿಗೇ ಬರ್ತೀನಿ. ಇಡೀ ಕಚೇರಿ ಇದಕ್ಕ ಗವಾಹ್ ಅದ, ಸಾಕ್ಷಿ."

ಅವರಿಗೆ ಗೊತ್ತಿರಲಿಲ್ಲ: ಹೈದರಾಬಾದಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳೆಯನ ಬಳಿ ಇಂಥದೇ ಯಂತ್ರವೊಂದಿತ್ತು. ತರ್ಕಶಾಸ್ತ್ರಕ್ಕಿಂತ ಹೆಚ್ಚು ಹೊತ್ತು ನಾನು ಅದರ ಹೊಟ್ಟೆಯೊಳಗೆ ಕೈಯಿಟ್ಟು ಕಳೆದಿದ್ದೆ.

ಸಾಹೇಬರ ಯಂತ್ರ ಯುದ್ಧಕ್ಕೆಂದು ಬಂದು, ಯುದ್ಧ ಮುಗಿದ ಮೇಲೆ ಮಾರಾಟವಾದ ಸರಕು. ಒಂದೇ ಸಿಲಿಂಡರು. ಅದರ ಸುತ್ತ ಖಡಕ್ ರೊಟ್ಟಿಗಳನ್ನು ಪೇರಿಸಿದಂತೆ ಕಬ್ಬಿಣದ ತೆಳು ಪದರಗಳು. ಓಡುವಾಗ ಬೀಸುವ ಗಾಳಿ ಆ ಪದರಗಳ ನಡುವೆ ನುಗ್ಗಿ ಯಂತ್ರದ ಕಾವನ್ನು ಒಯ್ಯಬೇಕು. ಇದಕ್ಕೆ ನೀರಿಲ್ಲ; ಗಾಳಿಯೇ ನೀರು. ಆದರೆ ನಾನು ವರಾಂಡಕ್ಕೆ ಹೋಗಿ ನೋಡಿದಾಗ ಅಲ್ಲಿ ಯಂತ್ರ ಕಾಣಿಸಲಿಲ್ಲ, ಬಾಣಂತಿಯೊಬ್ಬಳು ಮುಸುಕು ಹೊದ್ದು ಮಲಗಿದಂತೆ ಏನೋ ಕಾಣಿಸಿತು. ಮೇಲೊಂದು ಕೌದಿ. ಅದರೊಳಗೆ ಸಿಲಿಂಡರಿಗೆ ಬಿಗಿದು ಸುತ್ತಿ ಹುರಿಯಿಂದ ಕಟ್ಟಿದ ಕರಿಯ ಕಂಬಳಿ. ಕೆಳಗೆ ಲೋಬಾನದ ಹೊಗೆ.

ಚಪರಾಸಿ ಹೆಮ್ಮೆಯಿಂದ ವಿವರಿಸಿದ: "ಕೌದಿ ರಾತ್ರಿಗಷ್ಟೇ ರೀ. ಕಂಬಳಿ ಮಾತ್ರ ಹಗಲೂ ಬಿಚ್ಚಂಗಿಲ್ಲ. ಎದಿಗಿ ಗಾಳಿ ಹೊಡದ್ರ ಕೆಮ್ಮತದ."

"ಓಡೂವಾಗೂ ಕಟ್ಟೇ ಇರ್ತದೇನು?"

"ಓಡೂವಾಗ ಗಾಳಿ ಜಾಸ್ತಿ ಅಲ್ರಿ ಮತ್ತ!"

ಎಲ್ಲವೂ ಅರ್ಥವಾಯಿತು. ಎಂದಾದರೊಂದು ದಿನ ಯಂತ್ರ ಹೇಗೋ ಎದ್ದರೆ ಕೆರೆಯ ಏರಿಯವರೆಗೆ ಹೋಗಿ ನಿಲ್ಲುತ್ತಿತ್ತು. ನಿಲ್ಲುತ್ತಿದ್ದದ್ದು ಥಂಡಿಯಿಂದಲ್ಲ, ಕಂಬಳಿಯೊಳಗೆ ಬೆಂದು. ಅದನ್ನು ತಳ್ಳಿಕೊಂಡು ಬಂದು ಇವನು ಇನ್ನೊಂದು ಸುತ್ತು ಬಿಗಿಯುತ್ತಿದ್ದ. ಉಣ್ಣೆ ಸುಟ್ಟ ವಾಸನೆ ಬರಲಿಲ್ಲವೇ ಎಂದು ಕೇಳಿದೆ. "ಬರ್ತಿತ್ರಿ. ದೃಷ್ಟಿ ಸುಡಾಕತ್ತದ ಅಂತ ಸಾಹೇಬ್ರು ಖುಷಿ ಆಗ್ತಿದ್ರು" ಎಂದ.

ಬೆಳಗಿನ ಹೊತ್ತು ಏಳದಿರುವುದಕ್ಕೆ ಕಾರಣ ಬೇರೆ ಇತ್ತು. ಥಂಡಿ ಮೈಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಒಳ್ಳೆಯದೆಂದು ಚಪರಾಸಿ ಗಾಣದಿಂದ ತಂದು ಯಂತ್ರಕ್ಕೆ ತುಂಬಿಸಿದ್ದ. ರಾತ್ರಿಯ ಚಳಿಗೆ ಅದು ಬೆಲ್ಲದ ಪಾಕದಂತೆ ಗಟ್ಟಿಯಾಗಿ, ಕಿಕ್ಕಿನ ಮೇಲೆ ಇಬ್ಬರು ಕುಣಿದರೂ ಇಳಿಯುತ್ತಿರಲಿಲ್ಲ.

ನಾನು ಕಂಬಳಿಯ ಹುರಿಗೆ ಕೈಹಾಕಿದೆ. ಚಪರಾಸಿ ಅಡ್ಡ ನಿಂತ. "ಎಲ್ಲಾರ ಮುಂದ ಬತ್ತಲೆ ಮಾಡ್ತೀರೇನ್ರಿ? ಸರ್ಕಾರಿ ಗಾಡಿ ಇದು!"

"ಸರ್ಕಾರ ಬತ್ತಲೆ ಆಗೇ ಬಹಳ ದಿನ ಆತು, ಬಾಜೂಕ ಸರಿ."

ಕಂಬಳಿ ಬಿಚ್ಚಿ ಹರಡಿದ್ದೇ ತಡ, ಮೆಟ್ಟಿಲ ಬಳಿಯಿದ್ದ ಕುರುಬರ ಹೆಂಗಸು ಎದ್ದು ಬಂದಳು. ಅಂಚಿನ ಬಿಳಿ ಎಳೆಯನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಯಪ್ಪಾ, ಇದು ನಮ್ಮನಿ ಕಂಬಳಿ. ಈ ಅಂಚು ನನ್ನ ಗಂಡನ ಕೈಕೆಲಸ. ಹಿಂದಿನ ಸಲ ಸಾಹೇಬ್ರು ದೌರಾಕ್ಕ ಬಂದಾಗ ಈತನೇ ಹೆಗಲಿಗಿ ಹಾಕ್ಕೊಂಡು ಹೋಗಿದ್ದ."

"ಯಾರ ಹುಕುಮಿನಿಂದ ತಂದಿ?" ಎಂದು ಚಪರಾಸಿಯನ್ನು ಕೇಳಿದೆ.

ಅವನಿಗೆ ನಿಜಕ್ಕೂ ನೋವಾಯಿತು. "ನಾ ಏನ್ ಮನಿಗಿ ಒಯ್ದೀನೇನ್ರಿ? ಗಾಡಿಗಿ ಹಾಕೀನಿ. ಸರ್ಕಾರದ್ದು ಸರ್ಕಾರಕ್ಕೇ ಮುಟ್ಟ್ಯಾದ."

ಕುರಿಗಳು ಬಯಲಲ್ಲಿ, ಅವುಗಳ ಉಣ್ಣೆ ವರಾಂಡದಲ್ಲಿ. ಬಿಟ್ಟಿ ವಸೂಲಿಯ ಬಗ್ಗೆ ನಾನು ಓದಿದ್ದ ದಪ್ಪ ಪುಸ್ತಕಗಳು ಯಾವುವೂ ಇಷ್ಟು ಚೊಕ್ಕಟವಾಗಿ ವಿಷಯ ಹೇಳಿರಲಿಲ್ಲ. ಹೆಂಗಸು ಯಾರ ಅಪ್ಪಣೆಗೂ ಕಾಯದೆ ಕಂಬಳಿಯನ್ನು ಮಡಚಿ ತಲೆಯ ಮೇಲಿಟ್ಟುಕೊಂಡಳು. "ಗಾಡಿ ಬಂದಾಗ ಬರ್ಲಿ, ಇದು ಇವತ್ತೇ ಮರಿಗುಳಿಗಿ ಬೇಕು" ಎಂದು ಕಲ್ಹೇರದ ದಾರಿ ಹಿಡಿದಳು.

ಔಡಲೆಣ್ಣೆಯನ್ನೆಲ್ಲ ಇಳಿಸಿ ಒಳಗನ್ನು ಸೀಮೆಎಣ್ಣೆಯಿಂದ ತೊಳೆದೆ. ಜಹೀರಾಬಾದಿನ ರೈಲು ನಿಲ್ದಾಣದಿಂದ ಸರಕು ತರುವ ಲಾರಿಯವನು ಸಂಜೆಗೆ ಸರಿಯಾದ ತೆಳು ಎಣ್ಣೆಯ ಡಬ್ಬಿ ತಂದುಕೊಟ್ಟ. ಮರುದಿನ ಬೆಳಿಗ್ಗೆ ಆ ಡಬ್ಬಿಯನ್ನು ಅಕ್ಕನ ಬಚ್ಚಲಿನ ಹಂಡೆಯಲ್ಲಿ ಮುಳುಗಿಸಿ ಬಿಸಿ ಮಾಡಿದೆ. ಸ್ನಾನದ ನೀರಿಗೆ ಜಿಡ್ಡಾಗುತ್ತದೆಂದು ಅಕ್ಕ ಸರ್ಕಾರವನ್ನೂ ನನ್ನನ್ನೂ ಒಟ್ಟಿಗೆ ಬೈದಳು. ಕಿಡಿ ಹುಟ್ಟಿಸುವ, ಮಸಿ ಹಿಡಿದಿದ್ದ ಪ್ಲಗ್ಗನ್ನು ಒರೆಸಿ ಒಲೆಯ ಕೆಂಡದ ಬಳಿ ಒಣಗಿಸಿದೆ.

ಕಚೇರಿ ತೆರೆಯುವ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದ್ದರು. ಬೆಚ್ಚಗಿನ ಎಣ್ಣೆ ತುಂಬಿಸಿ, ಮೊದಲು ಕಿಡಿ ಹುಟ್ಟದಂತೆ ಸುಮ್ಮನೆ ಕಿಕ್ ತುಳಿದು ಎಣ್ಣೆಯನ್ನು ಒಳಗೆಲ್ಲ ಹರಿಸಿದೆ. ಆಮೇಲೆ ಗಾಳಿಯ ದಾರಿ ಮುಚ್ಚಿ, ಕಾರ್ಬ್ಯುರೇಟರಿನ ಗುಂಡಿಯನ್ನು ಒತ್ತಿ ಪೆಟ್ರೋಲು ಹೊರಗೆ ಜಿನುಗುವವರೆಗೆ ಕಾದು, ಗಟ್ಟಿಯಾಗಿ ತುಳಿದೆ. ಯಂತ್ರ ಕೆಮ್ಮಿತು, ಸೀನಿತು, ಎದ್ದಿತು. "ಜೋರು ಮಾಡ್ರಿ, ಜೋರು!" ಎಂದು ಎಲ್ಲರೂ ಕೂಗಿದರು. ನಾನು ಮಾಡಲಿಲ್ಲ. ನಿದ್ದೆಯಿಂದೆದ್ದ ಯಂತ್ರವನ್ನು ಕೂಡಲೇ ಓಡಿಸಬಾರದು. ಪದರಗಳು ಅಂಗೈಗೆ ಬೆಚ್ಚಗೆ ತಾಗುವವರೆಗೆ ಮೆಲ್ಲಗೆ ಗುನುಗಲು ಬಿಟ್ಟು, ಗಾಳಿಯ ದಾರಿಯನ್ನು ಸ್ವಲ್ಪಸ್ವಲ್ಪವಾಗಿ ತೆರೆದೆ. ಸದ್ದು ಸಮವಾಯಿತು.

ಸಾಹೇಬರು ಬಾಗಿಲಲ್ಲಿ ನಿಂತು ತಮ್ಮ ನೆಪವೊಂದು ಜೀವ ಪಡೆದು ತಮ್ಮನ್ನೇ ಕರೆಯುತ್ತಿರುವುದನ್ನು ನೋಡಿದರು. "ನನಗೂ ಸ್ವಲ್ಪ ಥಂಡಿ ಅದ..." ಎಂದು ಶುರು ಮಾಡಿದರು.

"ನಿಮಗ ಕೌದಿ ಅದಲ್ರಿ" ಎಂದು ಹಿಂದಿನಿಂದ ಯಾರೋ ಅಂದರು. ಅಂಗಳವೆಲ್ಲ ನಕ್ಕಿತು. ಸಾಹೇಬರು ಕೌದಿ ಹೊದ್ದು ನನ್ನ ಹಿಂದೆ ಕೂತರು.

ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಲು ಹೇಳಿದರು. "ಗಾಳಿ ಬೀಸಿದ್ರೇ ಇದರ ಜೀವ ರೀ, ನಿಂತ್ರ ಕಾಯತದ" ಎಂದೆ. ಮಾತು ಅರ್ಧ ನಿಜ. ಸರ್ಕಾರದ ಜೊತೆ ಅಷ್ಟು ಸಾಕು. ಕಲ್ಹೇರ ದಾಟಿ ಕೊಂಡವಾಡದ ಮುಂದೆಯೇ ನಿಲ್ಲಿಸಿದೆ.

ಒಳಗೆ ಹೆಂಗಸು ಗೋಡೆಯ ಮೂಲೆಯಲ್ಲಿ ಕಂಬಳಿಯ ಕೆಳಗೆ ಮರಿಗಳನ್ನು ಗುಂಪಾಗಿಸಿ ಕೂತಿದ್ದಳು. ಕೆಲವು ಮರಿಗಳು ಕಂಬಳಿಯ ಹೊರಗೆ, ಬೇರೆಯಾಗಿ, ಅಲ್ಲಾಡದೆ ಬಿದ್ದಿದ್ದವು. ಸಾಹೇಬರು ಅತ್ತ ನೋಡದೆ ಹುಲ್ಲುಗಾವಲು ಎಲ್ಲಿ ಎಂದು ಕೇಳಿದರು. ಗಾಡಿಯ ಸದ್ದಿಗೆ ಓಡಿಬಂದಿದ್ದ ಪಟೇಲ ತೋರಿಸಿದ ಕಡೆ ಹುಲ್ಲಿರಲಿಲ್ಲ. ಜೋಳ ಎದೆಯೆತ್ತರ ನಿಂತಿತ್ತು, ಪಟೇಲನದೇ ಬಿತ್ತನೆ.

"ಸರ್ಕಾರಿ ಹುಲ್ಲು ಈ ವರ್ಷ ತೆನಿ ಬಿಟ್ಟಾದೇನ್ರಿ?" ಎಂದೆ.

ಪಟೇಲ ನೆಲ ನೋಡಿದ. ಸಾಹೇಬರು ಆಕಾಶ ನೋಡಿದರು. "ಆತು, ಆತು. ಬಹಳ ಥಂಡಿ ಅದ. ಹೋಗೂಣು. ಹುಕುಮ್ ಕಚೇರಿಯಿಂದ ಕಳಸ್ತೀನಿ."

ನಾನು ಬಗ್ಗಿ ಪಾನಾ ಹಾಕಿ ಪ್ಲಗ್ಗನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದೆ. ಬಟ್ಟೆಯ ಮೂಲಕವೂ ಅದು ತೊಡೆಯನ್ನು ಸುಡುತ್ತಿತ್ತು. "ಹುಕುಮ್ ಇಲ್ಲೇ ಬರೀರಿ ಸಾಹೇಬ್ರ. ಇಲ್ಲಾಂದ್ರ ಪಟೇಲರ ಎತ್ತಿನ ಬಂಡಿ ಅದ, ಇಜ್ಜತ್ತಿನಿಂದ ಹೋಗಬಹುದು."

ಪೆಟ್ರೋಲ್ ಟ್ಯಾಂಕಿನ ಮೇಲೆ ಕಾಗದವಿಟ್ಟು ಬರೆದರು. ಕುರಿಗಳು ಬಿಡುಗಡೆಯಾದವು. ಜೋಳದ ಬಗ್ಗೆ, ಸತ್ತ ಮರಿಗಳ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಅಷ್ಟರಲ್ಲಿ ಹೆಂಗಸು ನಡುಗುತ್ತಿದ್ದ ಮರಿಯೊಂದನ್ನು ಎತ್ತಿ ತಂದು ಸಿಲಿಂಡರಿನ ಕಾವಿಗೆ ಹಿಡಿದಿದ್ದಳು.

"ಏ, ಸರ್ಕಾರಿ ಗಾಡಿ!" ಎಂದರು ಸಾಹೇಬರು.

"ಇಷ್ಟ್ ದಿನ ನಮ್ಮ ಕಂಬಳಿ ಹೊದ್ದು ಮಲಗ್ಯಾದಲ್ರಿ," ಎಂದಳು ಆಕೆ, ಮರಿಯನ್ನು ತೆಗೆಯದೆ. "ಒಂದ್ ಘಳಿಗಿ ಕಾಯ್ರಿ."

ಕಾದರು. ಅವರ ಪ್ಲಗ್ಗು ನನ್ನ ಜೇಬಿನಲ್ಲಿತ್ತು.

ನಾನು ತಾಂಡೂರಿಗೆ ಹೊರಡುವ ಮುನ್ನಾದಿನ ಕಚೇರಿಯ ಮುಂದೆ ಹಾದುಹೋದೆ. ವರಾಂಡದಲ್ಲಿ ಮೋಟಾರ್ ಸೈಕಲ್ಲಿನ ಎದೆಗೆ ಮತ್ತೊಂದು ಕಂಬಳಿ ಬಿಗಿದಿತ್ತು, ಈ ಸಲ ಅಂಚು ಕೆಂಪು. ಯಾರ ಮನೆಯದು ಎಂದು ಕೇಳಲು ನಾನು ಮೆಟ್ಟಿಲು ಹತ್ತಿದೆ. ತಾಂಡೂರಿನ ಹಾಸುಗಲ್ಲುಗಳು ಇನ್ನಷ್ಟು ದಿನ ಕಾಯಬೇಕಾಯಿತು.