ಸಮುದ್ರ ಎಲ್ಲಿ ಓಡಿ ಹೋಗ್ತದ?

ಮದುವೆಯಾದಾಗಿನಿಂದ ಗಂಡನನ್ನು ನಾನು ಕೇಳಿದ್ದು ಒಂದೇ. ಮದ್ರಾಸಿನಲ್ಲಿ ನನ್ನ ಅಕ್ಕನ ಮನೆಯಿದೆ, ಒಮ್ಮೆ ಸಮುದ್ರ ತೋರಿಸಿ. ಶಹಾಬಾದಿನಲ್ಲಿ ನಮ್ಮದು ಹಾಸುಗಲ್ಲಿಗೆ ಪಾಲಿಶ್ ಮಾಡುವ ಅಡ್ಡೆ. ಕಲ್ಲಿನ ಧೂಳು ಅನ್ನದಲ್ಲಿ, ಹಾಸಿಗೆಯಲ್ಲಿ, ಅವರ ಮಾತಿನಲ್ಲಿ.

‘ಸಮುದ್ರ ಎಲ್ಲಿ ಓಡಿ ಹೋಗ್ತದ? ಮುಂದಿನ ವರ್ಷ ನೋಡಿದ್ರಾತು,’ ಎನ್ನುವರು. ಕೇಳಿ ಕೇಳಿ ಮೈ ಉರಿಯುತ್ತಿತ್ತು.

ಕೊನೆಗೊಮ್ಮೆ ಅಕ್ಕನ ಕಾಗದಗಳ ಕಾಟ ತಾಳದೆ ಹೊರಟರು. ವಾಡಿಯಲ್ಲಿ ಮದ್ರಾಸ್ ಗಾಡಿ ಹತ್ತಿದೆವು. ಅವರ ಮೇಲೆ ನಂಬಿಕೆಯಿಲ್ಲದೆ ಟಿಕೇಟು ನನ್ನ ಸೆರಗಿಗೇ ಗಂಟು ಹಾಕಿಕೊಂಡೆ. ತೊಗರಿ ಹೊಲಗಳು ಹಿಂದೆ ಸರಿದು ಕೃಷ್ಣೆ ಬಂತು, ಬಂಡೆಗಳ ನಡುವೆ ಅಷ್ಟಗಲ ನೀರು. ‘ನೋಡ್ರಿ’ ಎಂದೆ. ತಲೆ ಎತ್ತಲಿಲ್ಲ. ಅವರಿಗೆ ದೇಶವೆಂದರೆ ಪ್ಲಾಟ್‌ಫಾರಮ್ಮು. ಗಾಡಿ ನಿಂತಲ್ಲೆಲ್ಲ ಇಳಿದು ಹಾಸುಗಲ್ಲಿಗೆ ಹಿಮ್ಮಡಿ ಕುಟ್ಟುವರು. ಪೊಳ್ಳು ಸದ್ದು ಬಂದರೆ ಹಾಸಿದವನ ವಂಶವನ್ನೇ ಬೈಯುವರು. ಊರು ಬದಲಾಯಿತು, ಭಾಷೆ ಬದಲಾಯಿತು, ಹೆಂಗಸರು ಸೀರೆ ಉಡುವ ರೀತಿ ಬದಲಾಯಿತು. ಈ ಮನುಷ್ಯನ ಕಣ್ಣು ಮಾತ್ರ ನೆಲ ಬಿಡಲಿಲ್ಲ.

ಆಂಧ್ರದ ಒಂದು ಸ್ಟೇಷನ್ನಿನಲ್ಲಿ ಎಂಜಿನ್ನಿಗೆ ನೀರು ತುಂಬುತ್ತಿದ್ದರು. ಪ್ಲಾಟ್‌ಫಾರಮ್ಮಿನ ಆ ತುದಿಯಲ್ಲಿ ಗೌಂಡಿಗಳು ಹೊಸ ಕಲ್ಲು ಕೂಡಿಸುತ್ತಿದ್ದರು.

‘ಬುಡಕ್ಕ ಸುಣ್ಣಾ ತುಂಬಲ್ದೇ ಹಾಸಾಕತ್ಯಾರ! ತಡಿ, ಒಂದ್ ಮಾತು ಹೇಳಿ ಬರ್ತೀನಿ,’ ಎಂದು ಓಡಿದರು. ಅಲ್ಲಿ ಕುಕ್ಕರಗಾಲಲ್ಲಿ ಕೂತು ಗೌಂಡಿಯ ಕೈಯಿಂದ ಗಾರೆ ಮೆತ್ತುವ ಕರಣೆ ಕಿತ್ತುಕೊಂಡದ್ದು ಕಂಡಿತು. ಗಾಡಿ ಸೀಟಿ ಊದಿತು. ಕೂಗಿದೆ. ಕಲ್ಲು ಕೆರೆಯುವ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಗಾಡಿ ಹೊರಟಿತು.

ಎದುರಿಗೆ ಕೂತಿದ್ದ ಮುದುಕರೊಬ್ಬರು ಗಾಬರಿಯಾಗಿ ಸರಪಳಿಗೆ ಕೈ ಹಾಕಿದರು. ನಾನು ಆ ಕೈ ಹಿಡಿದೆ.

‘ಬ್ಯಾಡ್ರಿ. ಹಿಂದಿನ ಗಾಡಿಗಿ ಬರ್ತಾರ.’

ಕರಣೆ ಹಿಡಿದೇ ಅವರು ಗಾಡಿಯ ಹಿಂದೆ ಓಡಿಬಂದರು. ನನಗೆ ಅಯ್ಯೋ ಅನ್ನಿಸಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ ತಿಂದೆ, ಮುದುಕರಿಗೂ ಕೊಟ್ಟೆ. ಮದ್ರಾಸಿನಲ್ಲಿ ಇಳಿದವಳೇ ಅಕ್ಕನನ್ನು ಎಳೆದುಕೊಂಡು ಸಮುದ್ರಕ್ಕೆ ಹೋದೆ. ಮೊಳಕಾಲುದ್ದ ನೀರಿನಲ್ಲಿ ನಿಂತು ಮನಸಾರೆ ಅತ್ತೆ.

ಮರುದಿನ ಅವರು ಅಕ್ಕನ ಬಾಗಿಲಿಗೆ ಬಂದರು. ಅಂಗಿಯೆಲ್ಲ ಸುಣ್ಣ, ಮುಖದ ತುಂಬ ಸಿಟ್ಟು. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

‘ನಡೀ ಊರಿಗಿ. ಅಡ್ಡೆ ಬಿಟ್ಟು ಬಂದೀನಿ.’

‘ಸಮುದ್ರ?’ ಎಂದೆ, ಬೇಕೆಂದೇ.

‘ಎಲ್ಲಿ ಓಡಿ ಹೋಗ್ತದ?’

ನಾನು ಬಟ್ಟೆ ಗಂಟು ಕಟ್ಟತೊಡಗಿದೆ. ಒಣಹಾಕಿದ್ದ ಸೀರೆಯ ಅಂಚು ಉಪ್ಪಿಗೆ ಬಿರುಸಾಗಿತ್ತು. ಅದನ್ನು ಹಾಗೇ ಮಡಚಿ ಗಂಟಿನ ತಳಕ್ಕೆ ಇಟ್ಟುಕೊಂಡೆ.